ಕೈಯಿಂದ ತಯಾರಿಸಿದ ಶುಭಾಶಯ ಪತ್ರ

ಕೈಯಿಂದ ತಯಾರಿಸಿದ ಶುಭಾಶಯ ಪತ್ರ ಎಂದರೆ ಹಬ್ಬ, ಹುಟ್ಟುಹಬ್ಬ, ವಿವಾಹ, ಹೊಸ ವರ್ಷ ಮೊದಲಾದ ಸಂದರ್ಭಗಳಲ್ಲಿ ಹಾರೈಕೆಯನ್ನು ತಿಳಿಸಲು ಕಾಗದ, ಬಣ್ಣ, ಬಟ್ಟೆ, ದಾರ ಮುಂತಾದ ಸಾಮಗ್ರಿಗಳಿಂದ ವ್ಯಕ್ತಿಯೊಬ್ಬರು ಸ್ವತಃ ರಚಿಸುವ ಪತ್ರ. ಮುದ್ರಣಾಲಯದಲ್ಲಿ ಸಾವಿರಗಟ್ಟಲೆ ಅಚ್ಚಾಗುವ ಪತ್ರಕ್ಕಿಂತ ಇದು ಭಿನ್ನವಾದುದು. ಇದರ ಪ್ರತಿಯೊಂದು ಪ್ರತಿಯೂ ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಉದ್ದೇಶಿಸಿ ಸಿದ್ಧವಾಗುತ್ತದೆ. ಇಂತಹ ಪತ್ರಗಳ ವಿನ್ಯಾಸಕ್ಕೆ ಪ್ರೇರಣೆ ನೀಡುವ ಮೂಲಗಳಲ್ಲಿ ಕರಕುಶಲ ನಿಯತಕಾಲಿಕೆಗಳು, ವಾರಪತ್ರಿಕೆಗಳ ವಿಶೇಷಾಂಕಗಳು ಮತ್ತು ಸ್ಥಳೀಯ ಜನಪದ ಕಲೆಗಳು ಮುಖ್ಯವಾದವು. ಕರ್ನಾಟಕದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಪ್ರದೇಶವು ಲಂಬಾಣಿ ಕಸೂತಿ, ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯ ಶಿಲ್ಪ, ರಥೋತ್ಸವ, ಮಲ್ಲಿಗೆ ಕೃಷಿ ಮುಂತಾದ ವಿನ್ಯಾಸ ಮೂಲಗಳಿಂದ ಸಮೃದ್ಧವಾಗಿದೆ.

## ಇತಿಹಾಸ

### ಯುರೋಪ್ ಮತ್ತು ಅಮೆರಿಕ

ಇಂಗ್ಲೆಂಡಿನಲ್ಲಿ 1840ರಲ್ಲಿ ಏಕರೂಪದ ಒಂದು ಪೆನ್ನಿ ಅಂಚೆ ದರ ಜಾರಿಗೆ ಬಂದ ಮೇಲೆ ಸಾಮಾನ್ಯ ಜನರಿಗೂ ಪತ್ರ ಕಳುಹಿಸುವುದು ಸಾಧ್ಯವಾಯಿತು. ಈ ಅಂಚೆ ಸುಧಾರಣೆಯಲ್ಲಿ ಪಾಲ್ಗೊಂಡಿದ್ದ ಹೆನ್ರಿ ಕೋಲ್ 1843ರಲ್ಲಿ ಕಲಾವಿದ ಜಾನ್ ಕಾಲ್ಕಾಟ್ ಹಾರ್ಸ್ಲಿಯವರಿಂದ ಕ್ರಿಸ್‌ಮಸ್ ಪತ್ರವೊಂದನ್ನು ಬರೆಯಿಸಿ, ಸುಮಾರು 1000 ಪ್ರತಿಗಳನ್ನು ಅಚ್ಚು ಹಾಕಿಸಿದರು. ಒಂದು ಪತ್ರದ ಬೆಲೆ ಒಂದು ಷಿಲ್ಲಿಂಗ್ ಆಗಿತ್ತು. ಇದನ್ನು ವಾಣಿಜ್ಯ ಉದ್ದೇಶದ ಮೊದಲ ಕ್ರಿಸ್‌ಮಸ್ ಪತ್ರವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಅಂದಿನ ಕೂಲಿಕಾರನಿಗೆ ಒಂದು ಷಿಲ್ಲಿಂಗ್ ಸಣ್ಣ ಮೊತ್ತವಲ್ಲವಾದುದರಿಂದ, ಮನೆಯಲ್ಲಿಯೇ ಪತ್ರ ತಯಾರಿಸುವ ಪದ್ಧತಿ ಮುದ್ರಿತ ಪತ್ರಗಳ ಜೊತೆಜೊತೆಗೆ ಮುಂದುವರಿಯಿತು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ನಗರದ ಎಸ್ತರ್ ಹೌಲ್ಯಾಂಡ್ 1840ರ ದಶಕದ ಕೊನೆಯಲ್ಲಿ, ಇಂಗ್ಲೆಂಡಿನಿಂದ ಬಂದ ಜಾಲರಿ ಕಾಗದದ ಪತ್ರವೊಂದನ್ನು ಕಂಡು, ಅದರ ಪ್ರೇರಣೆಯಿಂದ ತಮ್ಮದೇ ಪತ್ರಗಳನ್ನು ರಚಿಸಲಾರಂಭಿಸಿದರು. ಮುಂದೆ ಅನೇಕ ಮಹಿಳೆಯರನ್ನು ಕೆಲಸಕ್ಕೆ ಸೇರಿಸಿಕೊಂಡು, ಒಬ್ಬರು ಕತ್ತರಿಸುವ, ಇನ್ನೊಬ್ಬರು ಅಂಟಿಸುವ ಕ್ರಮದಲ್ಲಿ ಇದನ್ನು ಉದ್ಯಮವಾಗಿ ಬೆಳೆಸಿದರು. ಬಾಸ್ಟನ್ನಿನ ಲೂಯಿ ಪ್ರಾಂಗ್ ಬಹುವರ್ಣದ ಕಲ್ಲಚ್ಚಿನ ಪತ್ರಗಳನ್ನು ಪ್ರಕಟಿಸಿ, 1880ರಿಂದ ವಿನ್ಯಾಸ ಸ್ಪರ್ಧೆಗಳನ್ನೂ ಏರ್ಪಡಿಸಿದರು.

ಎರಡನೆಯ ಮಹಾಯುದ್ಧದ ತರುವಾಯ, ಚೆಕೊಸ್ಲೊವಾಕಿಯಾದ ಏಳು ವರ್ಷದ ಬಾಲಕಿ ಜಿಟ್ಕಾ ಸಾಮ್ಕೋವಾ ರಚಿಸಿದ ಚಿತ್ರವು ಯುನಿಸೆಫ್ ಸಂಸ್ಥೆಯ ಮೊದಲ ಶುಭಾಶಯ ಪತ್ರವಾಗಿ 1949ರಲ್ಲಿ ಹೊರಬಂದಿತು. ಮಗುವಿನ ಕೈಯ ಚಿತ್ರವೊಂದು ಜಗತ್ತಿನಾದ್ಯಂತ ಸಂಚರಿಸಬಲ್ಲುದೆಂಬುದಕ್ಕೆ ಇದು ಪ್ರಸಿದ್ಧ ನಿದರ್ಶನವಾಗಿದೆ.

### ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಅಂಚೆ ಕಾರ್ಡು 1879ರ ಜುಲೈ 1ರಂದು ಕಾಲು ಆಣೆಯ ಬೆಲೆಗೆ ಬಳಕೆಗೆ ಬಂದಿತು. ಅದರ ಖಾಲಿ ಅಂಚುಗಳಲ್ಲಿ ಬಳ್ಳಿ, ಓಂಕಾರ, ಕಲಶಗಳನ್ನು ಬಿಡಿಸಿ ಹಬ್ಬದ ಹಾರೈಕೆ ಕಳುಹಿಸುವುದು ಅತ್ಯಂತ ಸರಳವಾದ ಕೈತಯಾರಿಕೆಯ ಪತ್ರವಾಯಿತು. ರಾಜಾ ರವಿವರ್ಮರ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮೇಲೆ ಬಣ್ಣದ ದೇವತಾ ಚಿತ್ರಗಳು ಮನೆಮನೆಗೆ ಬಂದವು. ಆ ಅಚ್ಚುಚಿತ್ರಗಳ ಸೀರೆ, ಒಡವೆಗಳ ಮೇಲೆ ಜರಿ, ಬಟ್ಟೆ, ಮಣಿಗಳನ್ನು ಅಂಟಿಸಿ ಅಲಂಕರಿಸುವ ಗೃಹಕಲೆಯೂ ಬೆಳೆಯಿತು. ಮುದ್ರಿತ ಚಿತ್ರವನ್ನು ಕೈಕೆಲಸದಿಂದ ತನ್ನದಾಗಿಸಿಕೊಳ್ಳುವ ಈ ಅಭ್ಯಾಸವು ಇಂದಿನ ಪತ್ರ ತಯಾರಿಕೆಗೆ ಸಮೀಪವಾದುದು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಮಿಳುನಾಡಿನ ಶಿವಕಾಶಿಯ ಮುದ್ರಣಾಲಯಗಳ ಅಗ್ಗದ ಪತ್ರಗಳು ತಾಲ್ಲೂಕು ಕೇಂದ್ರಗಳ ಪುಸ್ತಕದಂಗಡಿಗಳಿಗೂ ತಲುಪಿದವು. 1979ರಲ್ಲಿ ಸ್ಥಾಪನೆಯಾದ ಆರ್ಚೀಸ್ ಮುಂತಾದ ಸಂಸ್ಥೆಗಳು ನಗರಗಳಲ್ಲಿ ದುಬಾರಿ ಪತ್ರಗಳ ಮಾರುಕಟ್ಟೆಯನ್ನು ಬೆಳೆಸಿದವು. ಆದರೂ ಸಂಕ್ರಾಂತಿ ಮತ್ತು ಹೊಸ ವರ್ಷದ ಸಮಯದಲ್ಲಿ ಶಾಲಾ ಮಕ್ಕಳು ಡ್ರಾಯಿಂಗ್ ಹಾಳೆಯನ್ನು ಮಡಿಚಿ, ಬಣ್ಣದ ಪೆನ್ಸಿಲ್ಲಿನಿಂದ ಚಿತ್ರ ಬರೆದು ಸಹಪಾಠಿಗಳಿಗೆ ಎಳ್ಳುಬೆಲ್ಲದೊಡನೆ ಕೊಡುವ ರೂಢಿ ಉಳಿಯಿತು.

ಉತ್ತರ ಕರ್ನಾಟಕದಲ್ಲಿ ವಿಜಯದಶಮಿಯಂದು ಬನ್ನಿ ಎಲೆಯನ್ನು 'ಬಂಗಾರ'ವೆಂದು ಪರಸ್ಪರ ಕೊಟ್ಟು ಹಿರಿಯರಿಗೆ ನಮಸ್ಕರಿಸುವ ಪದ್ಧತಿಯಿದೆ. ಹಾರೈಕೆಯನ್ನು ಒಂದು ವಸ್ತುವಿನ ರೂಪದಲ್ಲಿ ಕೈಯಿಂದ ಕೈಗೆ ದಾಟಿಸುವ ಈ ಸಂಪ್ರದಾಯವು ಕಾಗದದ ಪತ್ರಕ್ಕಿಂತ ಬಹು ಹಳೆಯದು.

## ನಿಯತಕಾಲಿಕೆಗಳ ಪಾತ್ರ

### ಕರಕುಶಲ ನಿಯತಕಾಲಿಕೆಗಳು

ಮನೆಯಲ್ಲಿ ಮಾಡಬಹುದಾದ ಕೈಕೆಲಸದ ನಕ್ಷೆಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಪರಂಪರೆ ಹಳೆಯದು. ಫಿಲಡೆಲ್ಫಿಯಾದಲ್ಲಿ 1830ರಲ್ಲಿ ಆರಂಭವಾದ 'ಗೋಡೀಸ್ ಲೇಡೀಸ್ ಬುಕ್' ಪತ್ರಿಕೆಯು ಹೊಲಿಗೆ ಮತ್ತು ಕಸೂತಿ ನಮೂನೆಗಳನ್ನು ನಿಯಮಿತವಾಗಿ ನೀಡುತ್ತಿತ್ತು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನಿಂದ 'ಪೇಪರ್‌ಕ್ರಾಫ್ಟ್ ಇನ್‌ಸ್ಪಿರೇಷನ್ಸ್', 'ಕಾರ್ಡ್‌ಮೇಕಿಂಗ್ ಅಂಡ್ ಪೇಪರ್‌ಕ್ರಾಫ್ಟ್' ಮೊದಲಾದ, ಕಾಗದದ ಕೈಕೆಲಸಕ್ಕೇ ಮೀಸಲಾದ ಮಾಸಪತ್ರಿಕೆಗಳು ಪ್ರಕಟವಾದವು. ಇಂತಹ ಪತ್ರಿಕೆಯ ಒಂದು ಲೇಖನದಲ್ಲಿ ಸಾಮಾನ್ಯವಾಗಿ ಸಿದ್ಧಪಡಿಸಿದ ಪತ್ರದ ಛಾಯಾಚಿತ್ರ, ಸಾಮಗ್ರಿಗಳ ಪಟ್ಟಿ, ಹಂತಹಂತದ ವಿವರಣೆ ಮತ್ತು ನಕಲಿಸಿಕೊಳ್ಳಲು ಅನುಕೂಲವಾದ ರೇಖಾನಮೂನೆ ಇರುತ್ತವೆ.

### ಕನ್ನಡ ಪತ್ರಿಕೆಗಳು

ಕನ್ನಡದಲ್ಲಿ ಪತ್ರ ತಯಾರಿಕೆಗೆ ವಿನ್ಯಾಸ ಮೂಲವಾಗಿ ಒದಗಿದವು ಹೆಚ್ಚಾಗಿ ಸಾಮಾನ್ಯ ಓದಿನ ನಿಯತಕಾಲಿಕೆಗಳು. 'ಕರ್ಮವೀರ' (1921), 'ಕಸ್ತೂರಿ' (1956), 'ಸುಧಾ' (1965), 'ಮಯೂರ' (1968), 'ತರಂಗ' (1983) ಮುಂತಾದ ಪತ್ರಿಕೆಗಳು ದಶಕಗಳ ಕಾಲ ಮನೆಗಳಿಗೂ ಗ್ರಂಥಾಲಯಗಳಿಗೂ ತಲುಪಿದವು. ಇವುಗಳ ಯುಗಾದಿ ಹಾಗೂ ದೀಪಾವಳಿ ವಿಶೇಷಾಂಕಗಳ ಮುಖಪುಟ, ಕಥೆಗಳ ಜೊತೆಗಿನ ರೇಖಾಚಿತ್ರ, ಶೀರ್ಷಿಕೆಗಳ ಅಲಂಕೃತ ಅಕ್ಷರ ಮತ್ತು ಮಹಿಳಾ ಪುಟಗಳ ರಂಗೋಲಿ, ಕಸೂತಿ ನಕ್ಷೆಗಳು ಪತ್ರ ರಚಿಸುವವರಿಗೆ ಸುಲಭವಾಗಿ ದೊರೆಯುವ ಮಾದರಿಗಳಾದವು.

1949ರಲ್ಲಿ ಕನ್ನಡದಲ್ಲಿ ಆರಂಭವಾದ 'ಚಂದಮಾಮ'ದ ಮುಖಪುಟಗಳು ಮಕ್ಕಳ ಚಿತ್ರಕಲೆಯ ಮೇಲೆ ವಿಶೇಷ ಪ್ರಭಾವ ಬೀರಿದವು. ಅದಕ್ಕೆ ಮಹಾಭಾರತದ ಪ್ರಸಂಗಗಳನ್ನು ಚಿತ್ರಿಸಿದ ಎಂ. ಟಿ. ವಿ. ಆಚಾರ್ಯರ ಶೈಲಿಯಲ್ಲಿ ಸ್ಪಷ್ಟವಾದ ಹೊರರೇಖೆ, ತುಂಬಿದ ಬಣ್ಣ ಮತ್ತು ವಿವರವಾದ ಒಡವೆಗಳಿದ್ದು, ಮಕ್ಕಳು ಅದನ್ನು ನೋಡಿ ಬಿಡಿಸಲು ಪ್ರಯತ್ನಿಸುವಂತಿತ್ತು.

### ಗ್ರಂಥಾಲಯದ ಪ್ರತಿಗಳು

ಗ್ರಾಮೀಣ ಓದುಗರಿಗೆ ನಿಯತಕಾಲಿಕೆಗಳು ದೊರೆಯುವ ಪ್ರಮುಖ ಸ್ಥಳ ಸಾರ್ವಜನಿಕ ಗ್ರಂಥಾಲಯ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಡಿ ರಾಜ್ಯದಲ್ಲಿ ಗ್ರಂಥಾಲಯಗಳ ಜಾಲ ರೂಪುಗೊಂಡಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂದು 'ಅರಿವು ಕೇಂದ್ರ'ಗಳೆಂಬ ಹೆಸರಿನಲ್ಲಿ ಕಾರ್ಯನಿರ್ವಹಿಸುತ್ತಿವೆ. ಚಿತ್ರಕ್ಕಾಗಿ ಗ್ರಂಥಾಲಯದ ಪತ್ರಿಕೆಯ ಪುಟವನ್ನು ಕತ್ತರಿಸಿದರೆ ಮುಂದಿನ ಓದುಗರಿಗೆ ಹಿಂಬದಿಯ ಬರಹವೂ ಇಲ್ಲವಾಗುತ್ತದೆ. ಆದುದರಿಂದ ಪಾರದರ್ಶಕ ಕಾಗದವನ್ನು ಪುಟದ ಮೇಲಿರಿಸಿ ಮೃದುವಾದ ಪೆನ್ಸಿಲ್ಲಿನಿಂದ ರೇಖೆಯನ್ನು ಎತ್ತಿಕೊಳ್ಳುವುದು ಅಥವಾ ಪ್ರತ್ಯೇಕ ಪುಸ್ತಕದಲ್ಲಿ ನೋಡಿ ಬಿಡಿಸುವುದು ಸೂಕ್ತ ಕ್ರಮ. ಕತ್ತರಿಸುವುದಕ್ಕೆ ಸ್ವಂತ ಪ್ರತಿ ಅಥವಾ ರದ್ದಿಗೆ ಬಂದ ಹಳೆಯ ಸಂಚಿಕೆಗಳನ್ನಷ್ಟೇ ಬಳಸಬೇಕು.

## ಪ್ರೇರಣೆ ಪಡೆಯುವ ವಿಧಾನ

ಪತ್ರಿಕೆಯಲ್ಲಿ ಕಂಡ ಪತ್ರವನ್ನು ಯಥಾವತ್ತಾಗಿ ಪುನರಾವರ್ತಿಸುವುದು ನಕಲು. ಅದರ ರಚನಾತತ್ತ್ವವನ್ನು ಅರಿತು ಬೇರೊಂದನ್ನು ಕಟ್ಟುವುದು ಪ್ರೇರಣೆ. ಈ ಕಾರ್ಯವನ್ನು ಸಾಮಾನ್ಯವಾಗಿ ಕೆಳಗಿನ ಹಂತಗಳಲ್ಲಿ ಮಾಡಲಾಗುತ್ತದೆ.

1. ಸಂಗ್ರಹ: ಮೆಚ್ಚಿದ ಪುಟಗಳನ್ನು ಅಥವಾ ಅವುಗಳ ರೇಖಾಚಿತ್ರಗಳನ್ನು ಒಂದು ಕಡತದಲ್ಲಿಡುವುದು. ಪತ್ರಿಕೆಯ ಹೆಸರು, ಸಂಚಿಕೆ, ಕಲಾವಿದರ ಹೆಸರುಗಳನ್ನು ಅಲ್ಲಿಯೇ ಬರೆದಿಟ್ಟುಕೊಳ್ಳುವುದು.
2. ವಿಂಗಡಣೆ: ಸಂಗ್ರಹವನ್ನು ಹಬ್ಬಗಳ ಪ್ರಕಾರವಲ್ಲದೆ, ಯಾವ ಗುಣಕ್ಕಾಗಿ ಮೆಚ್ಚಲಾಯಿತೋ ಅದರ ಪ್ರಕಾರ ವಿಂಗಡಿಸುವುದು. ಬಣ್ಣದ ಹೊಂದಾಣಿಕೆ, ಸ್ಥಳವಿಭಜನೆ, ಆಕೃತಿ, ಅಕ್ಷರ, ಮಡಿಕೆಯ ಬಗೆ ಎಂಬ ಐದು ವಿಭಾಗಗಳು ಅನುಕೂಲಕರ.
3. ಚೌಕಟ್ಟಿನ ರೇಖನ: ಮಾದರಿಯಿಂದ ಚಿತ್ರವನ್ನು ತೆಗೆದುಹಾಕಿ, ಅದು ಆವರಿಸಿದ್ದ ಜಾಗವನ್ನು ಮಾತ್ರ ಚೌಕ, ವೃತ್ತ, ತ್ರಿಕೋನಗಳಾಗಿ ಗುರುತಿಸುವುದು.
4. ಮರುಪೂರಣ: ಆ ಖಾಲಿ ಚೌಕಟ್ಟನ್ನು ತನ್ನ ಪರಿಸರದ ಆಕೃತಿ, ಬಣ್ಣ ಮತ್ತು ಮಾತಿನಿಂದ ತುಂಬುವುದು.
5. ಪರೀಕ್ಷೆ: ಹಳೆಯ ಕಾಗದದಲ್ಲಿ ನಿಜವಾದ ಅಳತೆಯ ಮಾದರಿಯೊಂದನ್ನು ಮಾಡಿ, ಮಡಿಕೆ ಮತ್ತು ಲಕೋಟೆ ಹೊಂದುವುದನ್ನು ಖಚಿತಪಡಿಸಿಕೊಳ್ಳುವುದು.

ಇವುಗಳಲ್ಲಿ ಮೂರನೆಯ ಹಂತವು ಅತ್ಯಂತ ಮುಖ್ಯವಾದುದು. ಉದಾಹರಣೆಗೆ, ವಿದೇಶಿ ಪತ್ರಿಕೆಗಳಲ್ಲಿ ಹಸಿರು ಕಾಗದದ ಪಟ್ಟಿಗಳನ್ನು ಒಂದರ ಮೇಲೊಂದು ಕಿರಿದಾಗುವಂತೆ ಅಂಟಿಸಿ ಕ್ರಿಸ್‌ಮಸ್ ಮರವನ್ನು ರೂಪಿಸುವ ಮಾದರಿ ಮತ್ತೆಮತ್ತೆ ಕಾಣಿಸುತ್ತದೆ. ಮರವನ್ನು ಮರೆತು ನೋಡಿದರೆ ಅಲ್ಲಿ ಉಳಿಯುವುದು ಪಟ್ಟಿಗಳಿಂದಾದ ಒಂದು ತ್ರಿಕೋನ. ಅದರ ಬುಡಕ್ಕೆ ಎರಡು ಗಾಲಿ ಸೇರಿಸಿ, ಪಟ್ಟಿಗಳನ್ನು ಕೆಂಪು, ಬಿಳಿ, ಹಳದಿ ಬಣ್ಣಗಳಿಗೆ ಬದಲಾಯಿಸಿ, ತುದಿಯ ನಕ್ಷತ್ರದ ಜಾಗದಲ್ಲಿ ಕಲಶವನ್ನಿಟ್ಟರೆ ಅದೇ ರಚನೆ ತೇರಾಗುತ್ತದೆ. ಹೀಗೆಯೇ ಹಿಮದ ಹರಳುಗಳ ಚಿತ್ರವಿರುವ ಮಾದರಿಯ ಸ್ಥಳವಿಭಜನೆಯಲ್ಲಿ ಚುಕ್ಕಿ ರಂಗೋಲಿಯನ್ನು ಕೂರಿಸಬಹುದು. ಎರಡರಲ್ಲಿಯೂ ಕೇಂದ್ರದಿಂದ ಹೊರಟು ಸಮಾನವಾಗಿ ಹರಡುವ ಸಮ್ಮಿತಿ ಇರುವುದೇ ಇದಕ್ಕೆ ಕಾರಣ.

## ಸ್ಥಳೀಯ ವಿನ್ಯಾಸ ಮೂಲಗಳು

ವಿಜಯನಗರ ಜಿಲ್ಲೆಯು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು 2021ರಲ್ಲಿ ರಾಜ್ಯದ 31ನೆಯ ಜಿಲ್ಲೆಯಾಯಿತು. ಹೊಸಪೇಟೆ ಇದರ ಆಡಳಿತ ಕೇಂದ್ರ. ಹಂಪಿಯ ಚಿತ್ರಗಳು ಪತ್ರಿಕೆಗಳಲ್ಲಿಯೂ ಮುದ್ರಿತ ಪತ್ರಗಳಲ್ಲಿಯೂ ಹೇರಳವಾಗಿ ಕಾಣಸಿಗುತ್ತವೆ. ಜಿಲ್ಲೆಯ ಉಳಿದ ಐದು ತಾಲ್ಲೂಕುಗಳ ಆಕೃತಿಗಳು ಅಷ್ಟಾಗಿ ಬಳಕೆಯಾಗಿಲ್ಲ.

### ಲಂಬಾಣಿ ಕಸೂತಿ

ಈ ಐದು ತಾಲ್ಲೂಕುಗಳಲ್ಲಿ ಲಂಬಾಣಿ ಸಮುದಾಯದ ಅನೇಕ ತಾಂಡಾಗಳಿವೆ. ಲಂಬಾಣಿ ಮಹಿಳೆಯರ ಸಾಂಪ್ರದಾಯಿಕ ಉಡುಪಾದ ಫೇಟಿಯಾ ಮತ್ತು ಕಾಂಚಳಿಗಳ ಮೇಲೆ ಕನ್ನಡಿಚೂರು, ಕವಡೆ, ನಾಣ್ಯ, ಮಣಿಗಳನ್ನು ಕೂಡಿಸಿ ಹಾಕುವ ಕಸೂತಿಯು ಗಾಢವಾದ ಕೆಂಪು ಅಥವಾ ನೀಲಿ ನೆಲದ ಮೇಲೆ ಬಿಳಿ, ಹಳದಿ, ಹಸಿರು ದಾರಗಳಿಂದ ಎದ್ದು ಕಾಣುತ್ತದೆ. ಇದರಲ್ಲಿ ಕಿಲನ್, ವೆಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ರೆಲೊ, ನಕ್ರಾ ಮುಂತಾದ 14 ಬಗೆಯ ಹೊಲಿಗೆಗಳನ್ನು ಗುರುತಿಸಲಾಗಿದೆ.

ಕೂಡ್ಲಿಗಿಗೆ ಹೊಂದಿಕೊಂಡಿರುವ, ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಕಾರ್ಯಗುಂಪಿನ ಸಭೆಯ ಸಂದರ್ಭದಲ್ಲಿ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಕುಶಲಕರ್ಮಿಗಳು ಸಿದ್ಧಪಡಿಸಿದ 1755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು.

ಪತ್ರದ ವಿನ್ಯಾಸಕ್ಕೆ ಈ ಕಸೂತಿಯಿಂದ ಮೂರು ಅಂಶಗಳನ್ನು ಪಡೆಯಬಹುದು. ಮೊದಲನೆಯದು ಬಣ್ಣದ ಪ್ರಮಾಣ: ನೆಲದ ಒಂದು ಗಾಢ ಬಣ್ಣ ಬಹುಪಾಲು ಜಾಗವನ್ನು ಆಳುತ್ತದೆ, ಉಳಿದವು ಸಣ್ಣ ಸಣ್ಣ ತುಣುಕುಗಳಾಗಿ ಮಾತ್ರ ಬರುತ್ತವೆ. ಎರಡನೆಯದು ಚೌಕಗಳ ಜೋಡಣೆ: ಬಟ್ಟೆಯ ತುಂಡುಗಳನ್ನು ಕೂಡಿಸುವಂತೆಯೇ ಕಾಗದದ ಚೌಕಗಳನ್ನು ಕೂಡಿಸಬಹುದು. ಉತ್ತರ ಕರ್ನಾಟಕದ ಕೌದಿಯ ರಚನೆಯೂ ಇದೇ ಬಗೆಯದು. ಮೂರನೆಯದು ಅಂಚಿನ ಮಹತ್ತ್ವ: ಪ್ರತಿಯೊಂದು ಚೌಕಕ್ಕೂ ಹೊಲಿಗೆಯ ಅಂಚಿರುತ್ತದೆ. ಕಾಗದದ ಮೇಲೆ ಸೂಜಿಯಿಂದ ಸಮಾನ ಅಂತರದಲ್ಲಿ ಮೊದಲೇ ರಂಧ್ರ ಮಾಡಿಕೊಂಡು, ಅನಂತರ ದಾರ ಪೋಣಿಸಿದರೆ ಕಾಗದ ಹರಿಯದೆ ನಿಜವಾದ ಹೊಲಿಗೆಯ ಅಂಚು ಮೂಡುತ್ತದೆ.

### ದೇವಾಲಯ ಶಿಲ್ಪ

ಹೂವಿನಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿ ತುಂಗಭದ್ರಾ ನದಿಯ ದಡದಲ್ಲಿರುವ ಮಲ್ಲಿಕಾರ್ಜುನ ದೇವಾಲಯವು ಕಲ್ಯಾಣ ಚಾಲುಕ್ಯರ ಕಾಲದ್ದಾಗಿದ್ದು, ಅದರ ಮದನಿಕೆ ವಿಗ್ರಹಗಳು ಪ್ರಸಿದ್ಧವಾಗಿವೆ. ಅದೇ ತಾಲ್ಲೂಕಿನ ಮಾಗಳದ ದೇವಾಲಯ ಮತ್ತು ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ ದೇವಾಲಯಗಳ ಬಾಗಿಲವಾಡ, ಕಂಬ ಮತ್ತು ಜಾಲಂಧ್ರಗಳಲ್ಲಿ ಸೂಕ್ಷ್ಮವಾದ ಕೆತ್ತನೆಗಳಿವೆ. ಇಡೀ ವಿಗ್ರಹವನ್ನು ಚಿತ್ರಿಸುವುದು ಆರಂಭಿಕರಿಗೆ ಕಠಿಣ. ಬಾಗಿಲವಾಡದ ಬಳ್ಳಿಯ ಒಂದು ಸುರುಳಿಯನ್ನು ಮಾತ್ರ ಎತ್ತಿಕೊಂಡು ಪತ್ರದ ಅಂಚಿನುದ್ದಕ್ಕೂ ಪುನರಾವರ್ತಿಸುವುದು ಸುಲಭವೂ ಪರಿಣಾಮಕಾರಿಯೂ ಆಗಿದೆ. ಜಾಲಂಧ್ರದ ಮಾದರಿಯು ಕಾಗದವನ್ನು ಕೊರೆದು ಹಿಂದಿನಿಂದ ಬೇರೆ ಬಣ್ಣದ ಹಾಳೆ ಅಂಟಿಸುವ ಪತ್ರಗಳಿಗೆ ಹೊಂದುತ್ತದೆ. ಶಿಲ್ಪದ ಮೇಲೆಯೇ ಕಾಗದವನ್ನಿಟ್ಟು ಬಳಪದಿಂದ ಉಜ್ಜುವುದು ಕಲ್ಲಿಗೆ ಹಾನಿಕರವಾದುದರಿಂದ ಛಾಯಾಚಿತ್ರವನ್ನು ನೋಡಿ ಬಿಡಿಸುವುದು ಉಚಿತ.

### ಜಾತ್ರೆ ಮತ್ತು ರಥೋತ್ಸವ

ಕೊಟ್ಟೂರಿನ ಗುರು ಕೊಟ್ಟೂರೇಶ್ವರ ರಥೋತ್ಸವ, ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಶಿಖರ ತೈಲಾಭಿಷೇಕ ಮತ್ತು ಮೈಲಾರದ ಮೈಲಾರಲಿಂಗೇಶ್ವರ ಜಾತ್ರೆ ಈ ಪ್ರದೇಶದ ಹೆಸರಾಂತ ಉತ್ಸವಗಳು. ಮೈಲಾರದಲ್ಲಿ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಗೊರವರ ಕರಿಯ ಕಂಬಳಿಯ ಉಡುಪು, ಡಮರು ಮತ್ತು ಕವಡೆಯ ಅಲಂಕಾರಗಳು ಕಪ್ಪುಬಿಳುಪಿನ ಛಾಯಾಕೃತಿಗೆ ಸೂಕ್ತವಾಗಿವೆ. ತೇರಿನ ಆಕಾರವು ಮಡಿಕೆ ತೆರೆದಾಗ ಎದ್ದು ನಿಲ್ಲುವ ಪತ್ರಗಳಿಗೆ ಹೊಂದುತ್ತದೆ: ಮಡಿಕೆಯ ಗೆರೆಯನ್ನು ತೇರಿನ ನಡುಗಂಬವಾಗಿ ಮಾಡಿಕೊಂಡು ಎರಡೂ ಬದಿಗೆ ಸಮನಾಗಿ ಅಂತಸ್ತುಗಳನ್ನು ಕತ್ತರಿಸಲಾಗುತ್ತದೆ.

### ಹೂವು ಮತ್ತು ಪಕ್ಷಿಗಳು

ಹೂವಿನಹಡಗಲಿಯ ಹೆಸರಿನಲ್ಲಿಯೇ ಹೂವಿದೆ. ಇಲ್ಲಿ ಬೆಳೆಯುವ ಹಡಗಲಿ ಮಲ್ಲಿಗೆಯು ಮೈಸೂರು ಮತ್ತು ಉಡುಪಿ ಮಲ್ಲಿಗೆಗಳಂತೆ ಭೌಗೋಳಿಕ ಸೂಚಕವನ್ನು ಪಡೆದಿದೆ. ಕರಕುಶಲ ಪತ್ರಿಕೆಗಳು ಸಾಮಾನ್ಯವಾಗಿ ಹೂವನ್ನು ಪುಸ್ತಕದ ನಡುವೆ ಒತ್ತಿ ಒಣಗಿಸಿ ಅಂಟಿಸಲು ಸೂಚಿಸುತ್ತವೆ. ಮಲ್ಲಿಗೆಗೆ ಈ ವಿಧಾನ ಹೊಂದುವುದಿಲ್ಲ. ಒಣಗುತ್ತಿದ್ದಂತೆ ಅದರ ಬಿಳಿಯ ಎಸಳು ಕಂದುಬಣ್ಣಕ್ಕೆ ತಿರುಗುತ್ತದೆ. ಮಲ್ಲಿಗೆಯನ್ನು ಬಿಳಿ ಕಾಗದದ ಎಸಳುಗಳಿಂದ ರೂಪಿಸುವುದು ಅಥವಾ ಕಾಗದದ ಪಟ್ಟಿಯನ್ನು ಸುರುಳಿ ಸುತ್ತಿ ಮೊಗ್ಗು ಮಾಡುವುದು ಒಳ್ಳೆಯದು. ಒತ್ತಿ ಒಣಗಿಸುವುದಕ್ಕೆ ಬೇವಿನ ಎಲೆ, ಹುಣಸೆಯ ಚಿಗುರು, ಹುಲ್ಲಿನ ತೆನೆಗಳಂತಹ ತೇವಾಂಶ ಕಡಿಮೆಯಿರುವ ಭಾಗಗಳು ಯೋಗ್ಯ. ಯುಗಾದಿಯ ಪತ್ರಕ್ಕೆ ಒಣಗಿಸಿದ ಬೇವಿನ ಎಲೆ ಅರ್ಥಪೂರ್ಣವಾದ ಅಲಂಕಾರವೂ ಹೌದು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿ ಸಂರಕ್ಷಿತ ಪ್ರದೇಶವು 98.76 ಹೆಕ್ಟೇರ್ ವಿಸ್ತಾರವಿದ್ದು, 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಕೆರೆಯೊಳಗಿನ ಕರಿಜಾಲಿ ಮರಗಳ ಮೇಲೆ ಗೂಡು ಕಟ್ಟುವ ಕೊಕ್ಕರೆಗಳ ನೋಟವು ಪತ್ರಕ್ಕೆ ಸಹಜವಾದ ವಸ್ತು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕರಡಿಧಾಮ ಮತ್ತು ಬಂಡೆಗಲ್ಲಿನ ಗುಡ್ಡಗಳೂ ಮಕ್ಕಳ ಪತ್ರಗಳಿಗೆ ಒದಗುತ್ತವೆ.

## ಸಾಮಗ್ರಿ ಮತ್ತು ತಯಾರಿಕೆ

### ಕಾಗದ ಮತ್ತು ಅಳತೆ

ಪತ್ರಕ್ಕೆ ಪ್ರತಿ ಚದರ ಮೀಟರಿಗೆ 200ರಿಂದ 300 ಗ್ರಾಂ ತೂಕದ ಕಾಗದ ಸೂಕ್ತ. ತಾಲ್ಲೂಕು ಕೇಂದ್ರಗಳ ಅಂಗಡಿಗಳಲ್ಲಿ ದೊರೆಯುವ ಐವರಿ ಹಾಳೆ ಈ ಬಗೆಯದು. ಸಾಮಾನ್ಯ ಡ್ರಾಯಿಂಗ್ ಹಾಳೆ ತೆಳುವಾಗಿದ್ದರೆ ಎರಡು ಪದರ ಕೂಡಿಸಬಹುದು. ಎ4 ಅಳತೆಯ ಹಾಳೆಯನ್ನು (210 × 297 ಮಿ.ಮೀ.) ಅರ್ಧಕ್ಕೆ ಕತ್ತರಿಸಿ ಪ್ರತಿಯೊಂದನ್ನೂ ನಡುವೆ ಮಡಿಚಿದರೆ 105 × 148 ಮಿ.ಮೀ. ಅಳತೆಯ ಎರಡು ಪತ್ರಗಳಾಗುತ್ತವೆ. ಇವುಗಳಿಗೆ 114 × 162 ಮಿ.ಮೀ. ಲಕೋಟೆ ಹೊಂದುತ್ತದೆ. ಕಾಗದದ ನಾರು ಹರಿದಿರುವ ದಿಕ್ಕಿಗೆ ಸಮಾನಾಂತರವಾಗಿ ಮಡಿಚಿದರೆ ಮಡಿಕೆ ಸೀಳುವುದಿಲ್ಲ. ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲನೆ ಬಾಗಿಸಿದಾಗ ಯಾವ ಕಡೆಗೆ ಕಡಿಮೆ ಪ್ರತಿರೋಧವಿರುವುದೋ ಅದೇ ಮಡಿಕೆಯ ದಿಕ್ಕು.

### ಪರ್ಯಾಯ ಸಾಮಗ್ರಿಗಳು

ವಿದೇಶಿ ಪತ್ರಿಕೆಗಳು ಹೆಸರಿಸುವ ಅನೇಕ ಉಪಕರಣಗಳು ಸಣ್ಣ ಊರುಗಳಲ್ಲಿ ದೊರೆಯುವುದಿಲ್ಲ. ಅವುಗಳ ಕಾರ್ಯವನ್ನು ಅರಿತರೆ ಪರ್ಯಾಯಗಳು ಮನೆಯಲ್ಲಿಯೇ ಸಿಗುತ್ತವೆ.

- ಮಡಿಕೆಯ ಗೆರೆ ಒತ್ತುವ ಎಲುಬಿನ ಪಟ್ಟಿಗೆ ಬದಲಾಗಿ: ಶಾಯಿ ಮುಗಿದ ಬಾಲ್‌ಪೆನ್ ಮತ್ತು ಅಳತೆಪಟ್ಟಿ.
- ಆಕೃತಿಯನ್ನು ಮೇಲಕ್ಕೆತ್ತಿ ತೋರಿಸುವ ಫೋಮ್ ತುಂಡುಗಳಿಗೆ ಬದಲಾಗಿ: ರಟ್ಟಿನ ಪೆಟ್ಟಿಗೆಯ ಸಣ್ಣ ಚೌಕಗಳು.
- ಅರೆಪಾರದರ್ಶಕ ಹಾಳೆಗೆ ಬದಲಾಗಿ: ಬಟರ್ ಪೇಪರ್ ಅಥವಾ ಟ್ರೇಸಿಂಗ್ ಪೇಪರ್.
- ರಿಬ್ಬನ್ನಿಗೆ ಬದಲಾಗಿ: ಹಳೆಯ ಇಳಕಲ್ ಸೀರೆಯ ಅಂಚು ಅಥವಾ ಜರಿಯ ಪಟ್ಟಿ.
- ರಬ್ಬರ್ ಅಚ್ಚಿಗೆ ಬದಲಾಗಿ: ಅಡ್ಡ ಕತ್ತರಿಸಿದ ಬೆಂಡೆಕಾಯಿ, ಕೊರೆದ ಆಲೂಗಡ್ಡೆ.

ನೀರಿನಂಶವಿರುವ ಬಿಳಿ ಅಂಟು ತೆಳುವಾದ ಕಾಗದವನ್ನು ಸುಕ್ಕುಗೊಳಿಸುತ್ತದೆ. ಕಾಗದಕ್ಕೆ ಕಡ್ಡಿಯಂಟು, ಬಟ್ಟೆ ಮತ್ತು ಕನ್ನಡಿಚೂರುಗಳಿಗೆ ಬಿಳಿ ಅಂಟು ಸೂಕ್ತ. ಮೈದಾ ಅಂಟು ಅಗ್ಗವಾದರೂ ಜಿರಲೆ ಮತ್ತು ಕೀಟಗಳನ್ನು ಆಕರ್ಷಿಸುವುದರಿಂದ ಬಹುಕಾಲ ಉಳಿಸಬೇಕಾದ ಪತ್ರಕ್ಕೆ ತಕ್ಕುದಲ್ಲ. ಮಕ್ಕಳು ಕೆಲಸ ಮಾಡುವಾಗ ನಿಜವಾದ ಕನ್ನಡಿಯ ಬದಲು ಹೊಳೆಯುವ ಕಾಗದದ ವೃತ್ತಗಳನ್ನು ಬಳಸುವುದು ಸುರಕ್ಷಿತ.

### ಬರಹ

ಪತ್ರದ ಒಳಪುಟದ ಬರಹವು ವಿನ್ಯಾಸದಷ್ಟೇ ಮುಖ್ಯವಾದುದು. ಮುದ್ರಿತ ಪತ್ರಗಳಲ್ಲಿರುವ ಸಿದ್ಧವಾಕ್ಯಗಳಿಗಿಂತ, ಪಡೆಯುವವರ ಹೆಸರು ಮತ್ತು ಅವರಿಗೆ ಸಂಬಂಧಿಸಿದ ಒಂದು ನಿರ್ದಿಷ್ಟ ಮಾತು ಇರುವ ಎರಡು ಮೂರು ಸಾಲುಗಳು ಪತ್ರಕ್ಕೆ ಬೆಲೆ ತರುತ್ತವೆ. ದಿನಾಂಕ ಮತ್ತು ಊರಿನ ಹೆಸರನ್ನು ಬರೆಯುವುದರಿಂದ ಪತ್ರವು ಮುಂದೆ ಕುಟುಂಬದ ದಾಖಲೆಯಾಗುತ್ತದೆ.

## ಅಂಚೆಯ ಮೂಲಕ ರವಾನೆ

ಮುಚ್ಚದ ಲಕೋಟೆಯಲ್ಲಿ, ಕೆಲವೇ ಪದಗಳ ಹಾರೈಕೆಯಿರುವ ಶುಭಾಶಯ ಪತ್ರಗಳನ್ನು 'ಬುಕ್ ಪೋಸ್ಟ್' ಎಂದು ನಮೂದಿಸಿ ಕಡಿಮೆ ದರದಲ್ಲಿ ಕಳುಹಿಸುವುದು ಬಹುಕಾಲ ರೂಢಿಯಲ್ಲಿತ್ತು. ಕೈತಯಾರಿಕೆಯ ಪತ್ರಗಳು ಸಾಮಾನ್ಯ ಪತ್ರಕ್ಕಿಂತ ದಪ್ಪವಾಗಿಯೂ ಭಾರವಾಗಿಯೂ ಇರುವುದರಿಂದ ಅಂಚೆ ಕಚೇರಿಯಲ್ಲಿ ತೂಗಿಸಿ ಚೀಟಿ ಹಚ್ಚುವುದು ಅವಶ್ಯ. ಚೀಟಿ ಕಡಿಮೆಯಾದರೆ ಹೆಚ್ಚುವರಿ ಹಣವನ್ನು ಪಡೆಯುವವರು ತೆರಬೇಕಾಗುತ್ತದೆ. ಕನ್ನಡಿ, ಕವಡೆ, ಮಣಿಗಳಿರುವ ಪತ್ರಗಳ ಮೇಲೆ ಮುದ್ರೆಯ ಪೆಟ್ಟು ಬಿದ್ದರೆ ಅವು ಒಡೆಯುತ್ತವೆ. ಆದುದರಿಂದ ಅಲಂಕಾರವನ್ನು ಚೀಟಿ ಅಂಟಿಸುವ ಬಲ ಮೇಲ್ತುದಿಯಿಂದ ದೂರವಿರಿಸಿ, ಲಕೋಟೆಯೊಳಗೆ ಒಂದು ರಟ್ಟನ್ನು ಇಡಲಾಗುತ್ತದೆ.

## ಹಕ್ಕುಸ್ವಾಮ್ಯ ಮತ್ತು ಸಮುದಾಯದ ಹಕ್ಕು

ಪತ್ರಿಕೆಯಲ್ಲಿ ಪ್ರಕಟವಾದ ಚಿತ್ರ ಮತ್ತು ನಮೂನೆಗಳು 1957ರ ಹಕ್ಕುಸ್ವಾಮ್ಯ ಅಧಿನಿಯಮದಡಿ ಕಲಾಕೃತಿಗಳೆಂದು ರಕ್ಷಣೆ ಪಡೆಯುತ್ತವೆ. ಭಾರತದಲ್ಲಿ ಕಲಾಕೃತಿಯ ಹಕ್ಕುಸ್ವಾಮ್ಯವು ಸಾಮಾನ್ಯವಾಗಿ ಕಲಾವಿದರ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಇರುತ್ತದೆ. ಖಾಸಗಿ ಬಳಕೆಗೆ ನ್ಯಾಯೋಚಿತ ಅವಕಾಶವಿದೆ. ಅದೇ ಚಿತ್ರವನ್ನು ನಕಲಿಸಿ ಮಾರಾಟ ಮಾಡಲು ಹಕ್ಕುದಾರರ ಅನುಮತಿ ಬೇಕು. ಬಣ್ಣದ ಹೊಂದಾಣಿಕೆ, ಮಡಿಕೆಯ ಬಗೆ, ಸ್ಥಳವಿಭಜನೆಯಂತಹ ಸಾಮಾನ್ಯ ಕಲ್ಪನೆಗಳಿಗೆ ಹಕ್ಕುಸ್ವಾಮ್ಯವಿಲ್ಲ. ಅವುಗಳ ನಿರ್ದಿಷ್ಟ ಅಭಿವ್ಯಕ್ತಿಗೆ ಮಾತ್ರ ಇದೆ.

ಸಾಂಪ್ರದಾಯಿಕ ಕಲೆಗಳ ಸ್ಥಿತಿ ಇದಕ್ಕಿಂತ ಭಿನ್ನವಾದುದು. ತಲೆಮಾರುಗಳಿಂದ ಬಂದ ಲಂಬಾಣಿ ಹೊಲಿಗೆಗೆ ಒಬ್ಬ ಕರ್ತೃವಿಲ್ಲ. ಹಾಗಾಗಿ ಹಕ್ಕುಸ್ವಾಮ್ಯದ ಕಾನೂನು ಅದಕ್ಕೆ ಸುಲಭವಾಗಿ ಅನ್ವಯಿಸುವುದಿಲ್ಲ. 1999ರ ಸರಕುಗಳ ಭೌಗೋಳಿಕ ಸೂಚಕಗಳ ಅಧಿನಿಯಮವು ಹೆಸರಿಗೆ ರಕ್ಷಣೆ ನೀಡುತ್ತದೆ: ಯಂತ್ರದಲ್ಲಿ ಅಚ್ಚಾದ ಚಿತ್ರವಿರುವ ಪತ್ರವನ್ನು 'ಸಂಡೂರು ಲಂಬಾಣಿ ಕಸೂತಿ' ಎಂಬ ಹೆಸರಿನಲ್ಲಿ ಮಾರುವಂತಿಲ್ಲ. ಆದರೆ ಆಕೃತಿಯ ಅನುಕರಣೆಯನ್ನು ಈ ಕಾನೂನು ಪೂರ್ಣವಾಗಿ ತಡೆಯುವುದಿಲ್ಲ. ಒಂದು ಚೌಕಕ್ಕೆ ಹೊಲಿಗೆ ಹಾಕಲು ಗಂಟೆಗಟ್ಟಲೆ ಬೇಕಾದರೆ, ಅದರ ಛಾಯಾಚಿತ್ರವನ್ನು ಅಚ್ಚು ಹಾಕಲು ಕ್ಷಣ ಸಾಕು. ಅದರ ಲಾಭ ತಾಂಡಾಕ್ಕೆ ತಲುಪುವುದಿಲ್ಲ. ಬರಗಾಲದ ಈ ಪ್ರದೇಶದಿಂದ ಅನೇಕ ಲಂಬಾಣಿ ಕುಟುಂಬಗಳು ಕೂಲಿಗಾಗಿ ವಲಸೆ ಹೋಗುವ ಸನ್ನಿವೇಶದಲ್ಲಿ ಕಸೂತಿಯ ಆದಾಯಕ್ಕೆ ವಿಶೇಷ ಮಹತ್ತ್ವವಿದೆ. ಮಾರಾಟದ ಪತ್ರಗಳಿಗೆ ಕುಶಲಕರ್ಮಿಗಳಿಂದಲೇ ಕಸೂತಿಯ ತುಣುಕುಗಳನ್ನು ಕೊಂಡು ಬಳಸುವುದು ಮತ್ತು ಪತ್ರದ ಹಿಂಬದಿಯಲ್ಲಿ ಕಲೆಯ ಹಾಗೂ ಊರಿನ ಹೆಸರನ್ನು ನಮೂದಿಸುವುದು ನ್ಯಾಯವಾದ ಮಾರ್ಗವೆನಿಸುತ್ತದೆ.

## ಶಿಕ್ಷಣದಲ್ಲಿ ಬಳಕೆ

ಗಾಂಧೀಜಿಯವರು 1937ರ ವಾರ್ಧಾ ಸಮ್ಮೇಳನದಲ್ಲಿ ಮುಂದಿಟ್ಟ ಮೂಲಶಿಕ್ಷಣದ ಯೋಜನೆಯಲ್ಲಿ ಕೈಕೆಲಸವೇ ಕಲಿಕೆಯ ಕೇಂದ್ರವಾಗಿತ್ತು. ಶಾಲೆಗಳಲ್ಲಿ ಪತ್ರ ತಯಾರಿಕೆಯು ಹಲವು ವಿಷಯಗಳನ್ನು ಒಂದುಗೂಡಿಸುತ್ತದೆ: ಹಾಳೆಯ ವಿಭಜನೆಯಲ್ಲಿ ಭಿನ್ನರಾಶಿ, ರಂಗೋಲಿಯಲ್ಲಿ ಸಮ್ಮಿತಿ, ದೇವಾಲಯದ ಚಿತ್ರದಲ್ಲಿ ಸ್ಥಳೀಯ ಇತಿಹಾಸ, ಒಳಪುಟದ ಬರಹದಲ್ಲಿ ಭಾಷೆ, ವಿಳಾಸ ಬರೆಯುವುದರಲ್ಲಿ ವ್ಯವಹಾರ ಜ್ಞಾನ. ವಲಸೆ ಹೋದ ಸಹಪಾಠಿಗೆ ತರಗತಿಯ ಮಕ್ಕಳೆಲ್ಲರೂ ಸೇರಿ ಒಂದು ಪತ್ರ ರಚಿಸುವಂತಹ ಚಟುವಟಿಕೆಯಲ್ಲಿ ಈ ಕಲಿಕೆಗೆ ನಿಜವಾದ ಉದ್ದೇಶವೂ ಒದಗುತ್ತದೆ.

## ಇಂದಿನ ಸ್ಥಿತಿ

ಮೊಬೈಲ್ ಸಂದೇಶಗಳು ವ್ಯಾಪಕವಾದ ಮೇಲೆ ಮುದ್ರಿತ ಶುಭಾಶಯ ಪತ್ರಗಳ ಬಳಕೆ ಬಹಳವಾಗಿ ಕುಗ್ಗಿದೆ. ಕರಕುಶಲ ನಿಯತಕಾಲಿಕೆಗಳ ಸ್ಥಾನವನ್ನು ಬಹುಮಟ್ಟಿಗೆ ಅಂತರಜಾಲದ ಚಿತ್ರಸಂಗ್ರಹ ಮತ್ತು ದೃಶ್ಯಪಾಠಗಳು ತುಂಬಿವೆ. ಪತ್ರಿಕೆಯ ಮಾದರಿಗೆ ಸಂಚಿಕೆ, ಪುಟ, ಕಲಾವಿದರ ಹೆಸರುಗಳು ಇರುತ್ತಿದ್ದವು. ಅಂತರಜಾಲದಲ್ಲಿ ಹಂಚಿಕೆಯಾಗುವ ಚಿತ್ರಗಳಲ್ಲಿ ಅನೇಕ ವೇಳೆ ಮೂಲದ ಗುರುತು ಅಳಿಸಿಹೋಗಿರುತ್ತದೆ. ಹಳೆಯ ವಿಶೇಷಾಂಕಗಳು ರದ್ದಿಗೆ ಸೇರುತ್ತಿರುವುದರಿಂದ ಅವುಗಳಲ್ಲಿರುವ ರಂಗೋಲಿ, ಕಸೂತಿ, ಅಕ್ಷರ ವಿನ್ಯಾಸಗಳ ದಾಖಲೆಯೂ ಕಡಿಮೆಯಾಗುತ್ತಿದೆ. ಮತ್ತೊಂದೆಡೆ, ಮುದ್ರಿತ ಪತ್ರ ಅಪರೂಪವಾದಷ್ಟೂ ಕೈತಯಾರಿಕೆಯ ಪತ್ರಕ್ಕೆ ನೆನಪಿನ ಕಾಣಿಕೆಯ ಬೆಲೆ ಬಂದಿದ್ದು, ಮದುವೆ, ನಿವೃತ್ತಿ, ಷಷ್ಟ್ಯಬ್ದಿ ಮುಂತಾದ ಸಂದರ್ಭಗಳಲ್ಲಿ ಅದನ್ನು ಖುದ್ದಾಗಿ ಕೊಡುವ ರೂಢಿ ಉಳಿದಿದೆ.

## ಇವನ್ನೂ ನೋಡಿ

- ಲಂಬಾಣಿ ಕಸೂತಿ
- ರಂಗೋಲಿ
- ಕೌದಿ
- ಭೌಗೋಳಿಕ ಸೂಚಕ
- ವಿಜಯನಗರ ಜಿಲ್ಲೆ